ಐದು ಲಕ್ಷ ಉತ್ತರಗಳು ಮತ್ತು ಒಂದು ಅಗುಳು

ಐನೂರು ಮತ್ತು ಸಾವಿರ ರೂಪಾಯಿಯ ನೋಟುಗಳು ರದ್ದಾಗಿ ಎರಡು ವಾರ ಕಳೆದಿದ್ದಾಗ, 2016ರ ನವೆಂಬರ್ 22ರಂದು, ಪ್ರಧಾನಿ ನರೇಂದ್ರ ಮೋದಿಯವರು ತಮ್ಮ ಹೆಸರಿನ ಮೊಬೈಲ್ ಆ್ಯಪ್‌ನಲ್ಲಿ ಹತ್ತು ಪ್ರಶ್ನೆಗಳ ಸಮೀಕ್ಷೆಯೊಂದನ್ನು ತೆರೆದರು. ಮರುದಿನವೇ ಫಲಿತಾಂಶ ಹೊರಬಂತು. ಐದು ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದ್ದರು, ಅವರಲ್ಲಿ ಶೇ 93ರಷ್ಟು ಮಂದಿ ನೋಟು ರದ್ದತಿಯನ್ನು ಬೆಂಬಲಿಸಿದ್ದರು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ನಡೆಯುವ ಅಭಿಪ್ರಾಯ ಸಮೀಕ್ಷೆಗಳು ಕೆಲವು ಸಾವಿರ ಜನರನ್ನು ಮಾತನಾಡಿಸುವಷ್ಟಕ್ಕೆ ತೃಪ್ತಿಪಡುತ್ತವೆ. ಆ ಲೆಕ್ಕದಲ್ಲಿ ಐದು ಲಕ್ಷವೆಂಬುದು ಬೆಟ್ಟದಷ್ಟು ದೊಡ್ಡ ಸಂಖ್ಯೆ. ಹಾಗಿದ್ದರೂ ಅಂಕಿಸಂಖ್ಯಾಶಾಸ್ತ್ರವನ್ನು ಬಲ್ಲವರು ಆ ಫಲಿತಾಂಶದಿಂದ ದೇಶದ ಮನಸ್ಸನ್ನು ಅಳೆಯಲು ಹಿಂಜರಿದರು. ಅವರ ಹಿಂಜರಿಕೆಯ ಕಾರಣ ಅರ್ಥವಾದರೆ, ಆರ್ಥಿಕ ಸುಧಾರಣೆಗಳನ್ನೂ ಜನಾಭಿಪ್ರಾಯವನ್ನೂ ಬಿಗ್ ಡೇಟಾದ ಮೂಲಕ ಅಧ್ಯಯನ ಮಾಡುವ ವಿಧಾನದ ಬಲವೂ ಮಿತಿಯೂ ಬಹುಮಟ್ಟಿಗೆ ಅರ್ಥವಾದಂತೆ. ನೋಟು ರದ್ದತಿ ಸರಿಯೋ ತಪ್ಪೋ ಎಂಬ ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ.

ಮೊದಲಿಗೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಒಂದು, ಸುಧಾರಣೆಯಿಂದ ಜನರ ದುಡಿಮೆ, ವ್ಯಾಪಾರ ಮತ್ತು ಗಳಿಕೆಗೆ ಏನಾಯಿತು ಎಂಬುದು. ಇನ್ನೊಂದು, ಆ ಸುಧಾರಣೆಯ ಬಗ್ಗೆ ಜನ ಏನೆಂದುಕೊಂಡರು ಎಂಬುದು. ಪೆಟ್ಟು ತಿಂದವರೆಲ್ಲ ವಿರೋಧಿಸುತ್ತಾರೆ, ಲಾಭ ಪಡೆದವರೆಲ್ಲ ಬೆಂಬಲಿಸುತ್ತಾರೆ ಎಂದು ಎಣಿಸುವುದು ಸುಲಭ, ಆದರೆ ಹಾಗಾಗುವುದಿಲ್ಲ. ನಗದಿನ ಅಭಾವ ತೀವ್ರವಾಗಿದ್ದ ಆ ಚಳಿಗಾಲ ಮುಗಿಯುತ್ತಿದ್ದಂತೆ, 2017ರ ಮಾರ್ಚ್‌ನಲ್ಲಿ, ಉತ್ತರ ಪ್ರದೇಶದ 403 ವಿಧಾನಸಭಾ ಸ್ಥಾನಗಳಲ್ಲಿ 312ನ್ನು ಕೇಂದ್ರದಲ್ಲಿ ಆಡಳಿತ ನಡೆಸುತ್ತಿದ್ದ ಬಿಜೆಪಿಯೇ ಗೆದ್ದಿತು. ಚುನಾವಣೆಯ ಗೆಲುವಿಗೆ ನೂರು ಕಾರಣಗಳಿರುವುದರಿಂದ ಅದನ್ನು ನೋಟು ರದ್ದತಿಯ ಮೇಲಿನ ಜನಮತಗಣನೆ ಎಂದು ಕರೆಯಲಾಗದು, ನಿಜ. ಆದರೆ ಜೇಬಿಗೆ ಬಿದ್ದ ಪೆಟ್ಟನ್ನು ಅಳೆದು ಮನಸ್ಸಿನ ಒಲವನ್ನು ಊಹಿಸಲಾಗದು ಎಂಬುದಕ್ಕೆ ಅಷ್ಟು ಸಾಕು. ಒಂದು ಪ್ರಶ್ನೆಗಾಗಿ ಕೂಡಿಸಿದ ದತ್ತಾಂಶವನ್ನು ಇನ್ನೊಂದು ಪ್ರಶ್ನೆಗೆ ಉತ್ತರವಾಗಿ ಕೊಡುವುದು ಈ ಕ್ಷೇತ್ರದಲ್ಲಿ ಪದೇಪದೇ ನಡೆಯುವ ತಪ್ಪು.

ಬಿಗ್ ಡೇಟಾ ಎಂದರೆ ಬರೀ ದೊಡ್ಡ ದತ್ತಾಂಶವಲ್ಲ. ಜನಗಣತಿಯೂ ದೊಡ್ಡದೇ, ಆದರೆ ಅದನ್ನು ಎಣಿಕೆಗಾಗಿಯೇ ಮನೆಮನೆಗೆ ಹೋಗಿ ಸಂಗ್ರಹಿಸುತ್ತಾರೆ. ಈಗ ನಾವು ಬಿಗ್ ಡೇಟಾ ಎಂದು ಕರೆಯುವುದರಲ್ಲಿ ಬಹುಪಾಲು ಬೇರೇನೋ ಕೆಲಸ ನಡೆಯುವಾಗ ತಾನಾಗಿ ಉಳಿದುಕೊಳ್ಳುವಂಥದ್ದು: ರೈಲ್ವೆ ಟಿಕೆಟ್, ಜಿಎಸ್‌ಟಿ ರಿಟರ್ನ್, ಯುಪಿಐ ಪಾವತಿ, ಗೂಗಲ್‌ನಲ್ಲಿ ಹುಡುಕಿದ ಪದ, ಉಪಗ್ರಹ ತೆಗೆದ ಚಿತ್ರ. ಹಿಟ್ಟಿನ ಗಿರಣಿಯ ನೆಲದ ಮೇಲೆ ಕೂತ ಹಿಟ್ಟಿನ ಪದರಕ್ಕೆ ಇದನ್ನು ಹೋಲಿಸಬಹುದು. ಅದನ್ನು ನೋಡಿ ಆ ದಿನ ಎಷ್ಟು ಜೋಳ ಬೀಸಿದರೆಂದು ಹೆಚ್ಚುಕಡಿಮೆ ಅಂದಾಜಿಸಬಹುದು, ಆದರೆ ಮನೆಯ ಬೀಸುಕಲ್ಲಿನಲ್ಲೇ ಬೀಸಿಕೊಂಡವರ ಸುಳಿವು ಆ ನೆಲದ ಮೇಲೆ ಸಿಗುವುದಿಲ್ಲ. ಹೀಗೆ ಉಳಿದ ಕುರುಹು ಎಷ್ಟು ಉಪಯುಕ್ತವಾಗಬಲ್ಲದು ಎಂಬುದಕ್ಕೆ ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆ ಒಳ್ಳೆಯ ಉದಾಹರಣೆ. ಕಾಯ್ದಿರಿಸದ ರೈಲು ಟಿಕೆಟ್‌ಗಳ ಲೆಕ್ಕವನ್ನು ಹಿಡಿದು, 2011ರಿಂದ 2016ರವರೆಗೆ ವರ್ಷಕ್ಕೆ ಸರಾಸರಿ 90 ಲಕ್ಷದ ಆಸುಪಾಸು ಜನ ರಾಜ್ಯದಿಂದ ರಾಜ್ಯಕ್ಕೆ ವಲಸೆ ಹೋಗುತ್ತಿದ್ದಾರೆಂದು ಅದು ಅಂದಾಜಿಸಿತು. ಟಿಕೆಟ್ ಕೊಟ್ಟ ಗುಮಾಸ್ತನಿಗಾಗಲಿ ಕೊಂಡ ಕೂಲಿಕಾರನಿಗಾಗಲಿ ತಾವು ವಲಸೆಯ ಅಧ್ಯಯನದಲ್ಲಿ ಪಾಲ್ಗೊಂಡಿದ್ದೇವೆ ಎಂಬುದು ಗೊತ್ತಿರಲಿಲ್ಲ.

ನೋಟು ರದ್ದತಿಯ ಪರಿಣಾಮವನ್ನು ಅಳೆಯುವುದು ಇದಕ್ಕಿಂತ ಕಠಿಣವಾಗಿತ್ತು. ನವೆಂಬರ್ 8ರ ರಾತ್ರಿ ಚಲಾವಣೆಯಲ್ಲಿದ್ದ ನಗದಿನ ಮೌಲ್ಯದಲ್ಲಿ ಶೇ 86ರಷ್ಟು ಒಂದೇ ಏಟಿಗೆ ಅಮಾನ್ಯವಾಯಿತು. ಆದರೆ ಆ ತ್ರೈಮಾಸಿಕದ ಆರ್ಥಿಕ ಬೆಳವಣಿಗೆ ಶೇ 7 ಎಂದು 2017ರ ಫೆಬ್ರುವರಿ ಕೊನೆಯಲ್ಲಿ ಬಂದ ಅಧಿಕೃತ ಅಂದಾಜು ಹೇಳಿತು. ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತವರಿಗೆ ಇದು ನಂಬಲಾಗದ ಸಂಖ್ಯೆಯಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಅನೇಕ ಅರ್ಥಶಾಸ್ತ್ರಜ್ಞರು ಇದಕ್ಕೆ ಕೊಟ್ಟ ಕಾರಣ ಲೆಕ್ಕದ ವಿಧಾನಕ್ಕೆ ಸಂಬಂಧಿಸಿದ್ದು. ತ್ರೈಮಾಸಿಕ ಲೆಕ್ಕ ಹಾಕುವಾಗ ಅಸಂಘಟಿತ ವಲಯದ ಏರಿಳಿತವನ್ನು ನೇರವಾಗಿ ನೋಡುತ್ತಿರಲಿಲ್ಲ. ಬಹುಮಟ್ಟಿಗೆ ಸಂಘಟಿತ ವಲಯದ ಸೂಚಕಗಳಿಂದಲೇ ಊಹಿಸಿಕೊಳ್ಳುತ್ತಿದ್ದರು. ನಗದಿನ ಅಭಾವದಿಂದ ಹೆಚ್ಚು ತೊಂದರೆಗೊಳಗಾದದ್ದು ನಗದಿನಲ್ಲೇ ಬದುಕುವ ಅಸಂಘಟಿತ ವಲಯವಾದ್ದರಿಂದ, ನೋಡಬೇಕಾದ ಜಾಗದಲ್ಲೇ ಲೆಕ್ಕಕ್ಕೆ ಕಣ್ಣಿರಲಿಲ್ಲ.

ಈ ಕೊರತೆಯನ್ನು ತುಂಬಲು ಹೊರಟ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಗೇಬ್ರಿಯಲ್ ಚೊಡೊರೊವ್-ರೀಚ್, ಮೈಸೂರಿನಲ್ಲಿ ಓದಿ ಬೆಳೆದ ಗೀತಾ ಗೋಪಿನಾಥ್, ಪ್ರಾಚಿ ಮಿಶ್ರಾ ಮತ್ತು ಅಭಿನವ್ ನಾರಾಯಣನ್ ಅದರ ಲೇಖಕರು. ಅವರ ಯುಕ್ತಿಯನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಬಿಗ್ ಡೇಟಾದಿಂದ ಕಾರಣ ಮತ್ತು ಪರಿಣಾಮವನ್ನು ಹೆಣೆಯುವುದು ಹೇಗೆ ಎಂಬುದಕ್ಕೆ ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಸ್ಪಷ್ಟವಾದ ಭಾರತೀಯ ಉದಾಹರಣೆ ಇಲ್ಲ.

ಹಳೆಯ ನೋಟು ಹೋದದ್ದು ಇಡೀ ದೇಶಕ್ಕೆ ಒಂದೇ ರಾತ್ರಿ. ಹೊಸ ನೋಟು ಬಂದದ್ದು ಹಾಗಲ್ಲ. ಮೈಸೂರು, ಸಾಲಬೋನಿ, ನಾಸಿಕ್ ಮತ್ತು ದೇವಾಸ್‌ನ ಮುದ್ರಣಾಲಯಗಳು ಹಗಲಿರುಳು ದುಡಿದರೂ ಬೇಕಾದಷ್ಟು ನೋಟು ಅಚ್ಚಾಗಲು ತಿಂಗಳುಗಳೇ ಹಿಡಿದವು. ಅಚ್ಚಾದ ನೋಟುಗಳು ರಿಸರ್ವ್ ಬ್ಯಾಂಕಿನಿಂದ ಕರೆನ್ಸಿ ಚೆಸ್ಟ್‌ಗಳಿಗೆ, ಅಂದರೆ ಆಯ್ದ ಬ್ಯಾಂಕ್ ಶಾಖೆಗಳಲ್ಲಿರುವ ನಗದು ಭಂಡಾರಗಳಿಗೆ, ಅಲ್ಲಿಂದ ಇತರ ಶಾಖೆಗಳಿಗೆ ಹೋಗಬೇಕಿತ್ತು. ಆ ಅವಸರದಲ್ಲಿ ಕೆಲವು ಜಿಲ್ಲೆಗಳಿಗೆ ಹೊಸ ನೋಟು ಬೇಗ ಮತ್ತು ಹೆಚ್ಚಾಗಿ ಸಿಕ್ಕಿತು, ಕೆಲವಕ್ಕೆ ತಡವಾಗಿ ಮತ್ತು ಕಡಿಮೆ ಸಿಕ್ಕಿತು. ಸಂಶೋಧಕರಿಗೆ ಬೇಕಾಗಿದ್ದುದು ಈ ಏರುಪೇರೇ. ಪ್ರತಿ ಜಿಲ್ಲೆಯಲ್ಲಿ ಮೊದಲು ಎಷ್ಟು ನಗದಿತ್ತು, ರದ್ದತಿಯ ನಂತರ ಎಷ್ಟು ಉಳಿಯಿತು ಎಂಬ ಪ್ರಮಾಣವನ್ನು ಅವರು ಲೆಕ್ಕ ಹಾಕಿದರು. ಹೊಸ ನೋಟಿನ ಹಂಚಿಕೆಯು ಆಯಾ ಜಿಲ್ಲೆಯ ಆರ್ಥಿಕ ಸ್ಥಿತಿಯನ್ನು ನೋಡಿ ನಡೆದಿರದೆ ಹೆಚ್ಚುಕಡಿಮೆ ಆಕಸ್ಮಿಕವಾಗಿ ನಡೆದಿದ್ದರೆ, ನೋಟು ಹೆಚ್ಚು ಸಿಕ್ಕ ಜಿಲ್ಲೆಗೂ ಕಡಿಮೆ ಸಿಕ್ಕ ಜಿಲ್ಲೆಗೂ ನಂತರ ಕಾಣುವ ವ್ಯತ್ಯಾಸಕ್ಕೆ ನಗದಿನ ಅಭಾವವನ್ನೇ ಕಾರಣವೆಂದು ಹೇಳಬಹುದು. ವೈದ್ಯಕೀಯ ಪ್ರಯೋಗದಲ್ಲಿ ಚೀಟಿ ಎತ್ತಿ ಕೆಲವರಿಗೆ ಔಷಧಿ, ಕೆಲವರಿಗೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸುವ ಕ್ರಮವಿದೆಯಲ್ಲ, ಇಲ್ಲಿ ಆ ಚೀಟಿಯನ್ನು ನೋಟು ಸಾಗಣೆಯ ಗಡಿಬಿಡಿಯೇ ಎತ್ತಿಕೊಟ್ಟಿತ್ತು.

ಇನ್ನು ಜಿಲ್ಲೆಯ ಆರ್ಥಿಕ ಚಟುವಟಿಕೆಯನ್ನು ಅಳೆಯುವುದು ಹೇಗೆ? ಜಿಲ್ಲಾಮಟ್ಟದ ತ್ರೈಮಾಸಿಕ ಉತ್ಪನ್ನದ ಲೆಕ್ಕ ನಮ್ಮಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಅವರು ಉಪಗ್ರಹಗಳು ಸೆರೆಹಿಡಿದ ರಾತ್ರಿಯ ಬೆಳಕನ್ನು ನೋಡಿದರು. ಅಂಗಡಿ, ಕಾರ್ಖಾನೆ, ಬೀದಿ ಮತ್ತು ಮನೆಗಳ ದೀಪ ಹೆಚ್ಚಿದಷ್ಟೂ ಚಟುವಟಿಕೆ ಹೆಚ್ಚಿದೆ ಎಂಬ ಸಂಬಂಧ ಹಲವು ದೇಶಗಳಲ್ಲಿ ಪರೀಕ್ಷೆಗೊಳಗಾಗಿದೆ. ಸಂಘಟಿತ, ಅಸಂಘಟಿತ ಎಂಬ ಭೇದ ಬೆಳಕಿಗೆ ತಿಳಿಯದು ಎನ್ನುವುದೇ ಅದರ ದೊಡ್ಡ ಅನುಕೂಲ. ಅದರ ಜೊತೆಗೆ ಉದ್ಯೋಗದ ಮನೆ ಸಮೀಕ್ಷೆ, ಕಾರ್ಡ್ ಮತ್ತು ಇ-ವ್ಯಾಲೆಟ್ ಪಾವತಿ, ಬ್ಯಾಂಕ್ ಠೇವಣಿ ಮತ್ತು ಸಾಲದ ಲೆಕ್ಕಗಳನ್ನೂ ಇಟ್ಟು ನೋಡಿದರು. ನಗದಿನ ಅಭಾವ ತೀವ್ರವಾಗಿದ್ದ ಜಿಲ್ಲೆಗಳಲ್ಲಿ ಚಟುವಟಿಕೆ ಹೆಚ್ಚು ಕುಗ್ಗಿತ್ತು, ಡಿಜಿಟಲ್ ಪಾವತಿ ಬೇಗ ಹಬ್ಬಿತ್ತು, ಸಾಲದ ಬೆಳವಣಿಗೆ ತಗ್ಗಿತ್ತು. ಎಲ್ಲವನ್ನೂ ಕೂಡಿಸಿದಾಗ, 2016ರ ಕೊನೆಯ ತ್ರೈಮಾಸಿಕದಲ್ಲಿ ಉದ್ಯೋಗ ಮತ್ತು ಬೆಳಕಿನಿಂದ ಅಳೆದ ಉತ್ಪಾದನೆ, ನೋಟು ರದ್ದಾಗದಿದ್ದರೆ ಇರುತ್ತಿದ್ದ ಮಟ್ಟಕ್ಕಿಂತ ಕನಿಷ್ಠ 2 ಶೇಕಡಾ ಅಂಶ ಕೆಳಗಿತ್ತು, ನಂತರದ ಕೆಲವು ತಿಂಗಳಲ್ಲಿ ಆ ಕುಸಿತ ಕರಗಿತು ಎಂಬುದು ಅವರ ತೀರ್ಮಾನ.

ಈ ತೀರ್ಮಾನವನ್ನು ಉದ್ಧರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಎರಡು ಮಾತುಗಳಿವೆ. ಒಂದು, ಜಿಲ್ಲೆಗೆ ಜಿಲ್ಲೆಯನ್ನು ತೂಗುವ ಈ ತಕ್ಕಡಿಯಲ್ಲಿ ಎಲ್ಲ ಜಿಲ್ಲೆಗಳನ್ನೂ ಸಮನಾಗಿ ತಟ್ಟಿದ ಪೆಟ್ಟು ಕಾಣುವುದಿಲ್ಲ. ಎರಡೂ ತಟ್ಟೆಗಳು ಒಟ್ಟಿಗೆ ಇಳಿದರೆ ಮುಳ್ಳು ಅಲುಗುವುದಿಲ್ಲ. ಜಿಲ್ಲೆಗಳ ವ್ಯತ್ಯಾಸದಿಂದ ದೇಶದ ಮೊತ್ತಕ್ಕೆ ಹೋಗಲು ಸೈದ್ಧಾಂತಿಕ ಮಾದರಿಯೊಂದರ ಆಸರೆ ಬೇಕೇ ಬೇಕು. ಇನ್ನೊಂದು, ಇದು ಅಲ್ಪಾವಧಿಯ ನಷ್ಟದ ಲೆಕ್ಕ. ತೆರಿಗೆ ಪಾವತಿ ಸುಧಾರಿಸಿತೇ, ಡಿಜಿಟಲ್ ಪಾವತಿಯಿಂದ ದೀರ್ಘಕಾಲದ ಲಾಭವಾಯಿತೇ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಹುಡುಕಬಾರದು.

ಬೆಳಕಿಗೂ ತನ್ನದೇ ಕುರುಡುತನಗಳಿವೆ. ಮಳೆಗಾಲದ ಮೋಡ ಅದನ್ನು ಮರೆಮಾಡುತ್ತದೆ. ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸಿದರೆ, ಉಪಗ್ರಹದ ಸಂವೇದಕವು ನೀಲಿ ಬೆಳಕಿಗೆ ಅಷ್ಟಾಗಿ ಸ್ಪಂದಿಸದ ಕಾರಣ, ಊರು ಮಂಕಾದಂತೆ ತೋರಬಹುದು. ರಾಗಿ ಹೊಲದಲ್ಲಿ ಎಂಥ ಬೆಳೆ ಬಂದರೂ ಅದು ರಾತ್ರಿ ಹೊಳೆಯುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ತಮಾಷೆಯೂ ನಮ್ಮಲ್ಲೇ ಇದೆ: ಬೆಂಗಳೂರಿನ ಸುತ್ತಲಿನ ಜಿಲ್ಲೆಗಳಲ್ಲಿ ಸೇವಂತಿಗೆ ಬೆಳೆಯುವ ಕೆಲವರು, ಗಿಡ ಅವಧಿಗೆ ಮುನ್ನ ಮೊಗ್ಗು ಬಿಡದಿರಲೆಂದು ಹೊಲದ ತುಂಬ ಬಲ್ಬುಗಳನ್ನು ಕಟ್ಟಿ ರಾತ್ರಿ ಉರಿಸುತ್ತಾರೆ. ಆಕಾಶದಿಂದ ನೋಡುವವರಿಗೆ ಅದು ಹೊಸ ಬಡಾವಣೆಯೋ ಹೂವಿನ ತೋಟವೋ ತಿಳಿಯುವ ಬಗೆಯಿಲ್ಲ.

ಜಿಎಸ್‌ಟಿಯ ಕಥೆಯನ್ನು ಚಿಕ್ಕದಾಗಿ ಹೇಳಬಹುದು, ಏಕೆಂದರೆ ಅಲ್ಲಿ ಸುಧಾರಣೆಯೇ ದತ್ತಾಂಶದ ಕಾರ್ಖಾನೆಯಾಯಿತು. 2017ರ ಜುಲೈ 1ರಂದು ಅದು ಜಾರಿಗೆ ಬಂದ ಕೆಲವೇ ತಿಂಗಳಲ್ಲಿ, 2017-18ರ ಆರ್ಥಿಕ ಸಮೀಕ್ಷೆಯು ಸಲ್ಲಿಕೆಯಾದ ರಿಟರ್ನ್‌ಗಳನ್ನು ಆಧರಿಸಿ, ಯಾವ ರಾಜ್ಯದಿಂದ ಎಷ್ಟು ಸರಕು ವಿದೇಶಕ್ಕೆ ಹೋಗುತ್ತದೆ ಎಂಬ ಚಿತ್ರವನ್ನು ಮೊದಲ ಬಾರಿಗೆ ಬಿಡಿಸಿತು. ಮಹಾರಾಷ್ಟ್ರ, ಗುಜರಾತ್, ಕರ್ನಾಟಕ, ತಮಿಳುನಾಡು ಮತ್ತು ತೆಲಂಗಾಣ ಈ ಐದೇ ರಾಜ್ಯಗಳು ದೇಶದ ರಫ್ತಿನ ಶೇ 70ರಷ್ಟನ್ನು ಕಳಿಸುತ್ತವೆ ಎಂದು ತಿಳಿದದ್ದು ಆಗಲೇ. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ಪಡೆಯಬೇಕಾದ ಚೀಟಿ, ಬಂತು, ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕ. ಈಗ ಪ್ರತಿ ತಿಂಗಳ ಇ-ವೇ ಬಿಲ್‌ಗಳ ಸಂಖ್ಯೆಯನ್ನು ಆರ್ಥಿಕತೆಯ ನಾಡಿಮಿಡಿತದಂತೆ ಉಲ್ಲೇಖಿಸುವುದು ರೂಢಿಯಾಗಿದೆ. ಆ ಸಂಖ್ಯೆ ಏರಿದಾಗ ಸರಕು ಹೆಚ್ಚು ಓಡಾಡಿತೋ, ಅಥವಾ ಹಿಂದೆ ಬಿಲ್ ಇಲ್ಲದೆ ಓಡಾಡುತ್ತಿದ್ದ ಲಾರಿಗಳು ಈಗ ಬಿಲ್ ಮಾಡಿಸುತ್ತಿವೆಯೋ ಎಂಬುದನ್ನು ಆ ಸಂಖ್ಯೆ ತಾನಾಗಿ ಹೇಳುವುದಿಲ್ಲ.

ಇನ್ನು ಜನಾಭಿಪ್ರಾಯಕ್ಕೆ ಬರೋಣ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎಂಬುದು ನಮ್ಮ ಅಡುಗೆಮನೆಯ ತಿಳಿವಳಿಕೆ, ಅಭಿಪ್ರಾಯ ಸಮೀಕ್ಷೆಯ ತಿರುಳೂ ಅದೇ. ಪಾತ್ರೆ ಎಷ್ಟೇ ದೊಡ್ಡದಿರಲಿ, ಎಲ್ಲ ಕಡೆಯಿಂದಲೂ ಆರಿಸಿದ ಕೆಲವೇ ಅಗುಳು ಸಾಕಾಗುತ್ತವೆ. ಆದರೆ ಅಕ್ಕಿ ತಳದಲ್ಲಿ ಸೀದು ಮೇಲೆ ಹಸಿಯಾಗಿ ಉಳಿದಿದ್ದರೆ, ಮೇಲಿನಿಂದ ಒಂದು ಅಗುಳಲ್ಲ, ಒಂದು ಬಟ್ಟಲು ತೆಗೆದು ನೋಡಿದರೂ ತಳದ ಸುದ್ದಿ ತಿಳಿಯದು. ಅಮೆರಿಕದ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ 1936ರಲ್ಲಿ ಇದನ್ನು ನೋವಿನಿಂದ ಕಲಿಯಿತು. ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಮುಂತಾದ ಪಟ್ಟಿಗಳಿಂದ ಹೆಸರೆತ್ತಿಕೊಂಡು ಅದು ಒಂದು ಕೋಟಿ ಚೀಟಿಗಳನ್ನು ಅಂಚೆಯಲ್ಲಿ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ವಾಪಸು ಬಂದವು, ಅವನ್ನು ಎಣಿಸಿ ಅಧ್ಯಕ್ಷ ಚುನಾವಣೆಯಲ್ಲಿ ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. 48 ರಾಜ್ಯಗಳಲ್ಲಿ 46ನ್ನು ಗೆದ್ದವರು ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್. ಮಹಾ ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು, ಚೀಟಿ ತುಂಬಿ ಕಳಿಸುವ ಹುಮ್ಮಸ್ಸು ಇದ್ದವರು ಯಾರು ಎಂಬ ಎರಡು ಜರಡಿಗಳನ್ನು ದಾಟಿ ಬಂದ ಉತ್ತರಗಳವು. ಅದಕ್ಕಿಂತ ಬಹಳ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ವಿಜೇತರನ್ನು ಸರಿಯಾಗಿ ಹೇಳಿದ್ದರು.

ಎಂಬತ್ತು ವರ್ಷಗಳ ನಂತರ ಷಿಯಾವೊ-ಲಿ ಮೆಂಗ್ ಎಂಬ ಸಂಖ್ಯಾಶಾಸ್ತ್ರಜ್ಞ ಈ ಅನುಭವಕ್ಕೆ ಗಣಿತದ ರೂಪ ಕೊಟ್ಟರು. ಉತ್ತರಿಸುವ ಮನಸ್ಸಿಗೂ ಕೊಡುವ ಉತ್ತರಕ್ಕೂ ಅತಿ ಸಣ್ಣ ನಂಟಿದ್ದರೂ ಸಾಕು, ಜನಸಂಖ್ಯೆ ದೊಡ್ಡದಾದಷ್ಟೂ ಆ ನಂಟು ದೊಡ್ಡ ತಪ್ಪಾಗಿ ಬೆಳೆಯುತ್ತದೆ. 2016ರ ಅಮೆರಿಕದ ಚುನಾವಣೆಯ ಅಂಕಿಗಳನ್ನು ಇಟ್ಟುಕೊಂಡು ಅವರು ತೋರಿಸಿದ ಲೆಕ್ಕದಲ್ಲಿ, ಸುಮಾರು 23 ಲಕ್ಷ ಜನರ ಉತ್ತರದ ಬೆಲೆ ಚೀಟಿ ಎತ್ತಿ ಆರಿಸಿದ 400 ಜನರ ಉತ್ತರದಷ್ಟೇ ಆಗಿತ್ತು. ಕೋವಿಡ್ ಕಾಲದಲ್ಲಿ ಇದಕ್ಕೆ ಇನ್ನೂ ಕಟುವಾದ ಸಾಕ್ಷಿ ಸಿಕ್ಕಿತು. ಫೇಸ್‌ಬುಕ್ ಮೂಲಕ ವಾರಕ್ಕೆ ಸುಮಾರು ಎರಡೂವರೆ ಲಕ್ಷ ಜನರನ್ನು ಕೇಳುತ್ತಿದ್ದ ಅಮೆರಿಕದ ಸಮೀಕ್ಷೆಯೊಂದು 2021ರ ಮೇ ಹೊತ್ತಿಗೆ ಲಸಿಕೆ ಪಡೆದವರ ಪ್ರಮಾಣವನ್ನು 17 ಶೇಕಡಾ ಅಂಶಗಳಷ್ಟು ಹೆಚ್ಚಾಗಿ ತೋರಿಸುತ್ತಿತ್ತು. ಇಂಥ ಸಮೀಕ್ಷೆಯಲ್ಲಿ ಸಂಖ್ಯೆ ಹೆಚ್ಚಿದಂತೆ ತಪ್ಪು ಕಡಿಮೆಯಾಗುವುದಿಲ್ಲ, ತಪ್ಪಿನ ಮೇಲಿನ ನಂಬಿಕೆ ಹೆಚ್ಚುತ್ತದೆ.

ಆ್ಯಪ್ ಸಮೀಕ್ಷೆಯನ್ನು ಈಗ ಮತ್ತೆ ನೋಡಬಹುದು. ಅದರಲ್ಲಿ ಉತ್ತರಿಸಲು ಸ್ಮಾರ್ಟ್‌ಫೋನ್ ಬೇಕಿತ್ತು, ಅದರಲ್ಲಿ ಇಂಟರ್ನೆಟ್ ಬೇಕಿತ್ತು, ನಾಯಕರೊಬ್ಬರ ಹೆಸರಿನ ಆ್ಯಪ್ ಹಾಕಿಕೊಳ್ಳುವಷ್ಟು ಆಸಕ್ತಿ ಬೇಕಿತ್ತು. ಮೂರು ಜರಡಿಗಳು. ಅವುಗಳ ಮೇಲೆ ಪ್ರಶ್ನೆಗಳ ಬಾಗು ಬೇರೆ: ನೋಟು ರದ್ದತಿಯಿಂದ ಮನೆ, ಉನ್ನತ ಶಿಕ್ಷಣ, ಆರೋಗ್ಯಸೇವೆ ಜನಸಾಮಾನ್ಯರ ಕೈಗೆಟುಕುತ್ತವೆಯೇ ಎಂಬ ಪ್ರಶ್ನೆಗೆ ‘ಪೂರ್ಣ ಒಪ್ಪುತ್ತೇನೆ’, ‘ಭಾಗಶಃ ಒಪ್ಪುತ್ತೇನೆ’, ‘ಹೇಳಲಾರೆ’ ಎಂಬ ಆಯ್ಕೆಗಳಿದ್ದವೇ ಹೊರತು ‘ಒಪ್ಪುವುದಿಲ್ಲ’ ಎಂಬುದಿರಲಿಲ್ಲ. ಇಷ್ಟರಿಂದ ನೋಟು ರದ್ದತಿಗೆ ಬಹುಮತದ ಬೆಂಬಲ ಇರಲಿಲ್ಲವೆಂದು ಸಿದ್ಧವಾಗುವುದಿಲ್ಲ, ಇದ್ದಿರಬಹುದು. ಆ ಸಮೀಕ್ಷೆಯಿಂದ ಅದು ಗೊತ್ತಾಗುವುದಿಲ್ಲ, ಅಷ್ಟೇ.

ಬಾಗಿದ ಮಾದರಿಯನ್ನು ನೇರ ಮಾಡುವ ದಾರಿಯೇ ಇಲ್ಲವೆಂದೂ ಅಲ್ಲ. 2012ರ ಅಮೆರಿಕದ ಚುನಾವಣೆಗೆ ಮುನ್ನ ಎಕ್ಸ್‌ಬಾಕ್ಸ್ ವಿಡಿಯೋ ಗೇಮ್ ಆಡುವವರನ್ನು ಕೇಳಿ ನಡೆಸಿದ ಅಧ್ಯಯನದಲ್ಲಿ 3.45 ಲಕ್ಷ ಜನರಿದ್ದರು, ಅವರಲ್ಲಿ ಶೇ 93 ಗಂಡಸರು. ಹಾಗಿದ್ದೂ ಸಂಶೋಧಕರು ವಯಸ್ಸು, ಲಿಂಗ, ಶಿಕ್ಷಣ, ರಾಜ್ಯ, ಪಕ್ಷದ ಒಲವು ಎಂದು ಉತ್ತರಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ವಿಂಗಡಿಸಿ, ನಿಜವಾದ ಮತದಾರರಲ್ಲಿ ಆ ಗುಂಪಿನ ಪಾಲೆಷ್ಟೋ ಅಷ್ಟೇ ತೂಕ ಕೊಟ್ಟು, ಒಳ್ಳೆಯ ಮುನ್ಸೂಚನೆಯನ್ನೇ ಪಡೆದರು. ಈ ರಿಪೇರಿ ನಡೆಯಬೇಕಾದರೆ ಉತ್ತರಿಸಿದವರು ಯಾರೆಂಬ ವಿವರ ಇರಬೇಕು, ಪ್ರತಿ ಗುಂಪಿನಿಂದಲೂ ಒಂದಷ್ಟು ಜನರಾದರೂ ಇರಬೇಕು. ಸ್ಮಾರ್ಟ್‌ಫೋನ್ ಇಲ್ಲದ ಕೃಷಿ ಕೂಲಿಕಾರ ಮಹಿಳೆ ಆ್ಯಪ್ ಸಮೀಕ್ಷೆಯಲ್ಲಿ ಒಬ್ಬಳೂ ಇಲ್ಲದಿದ್ದರೆ, ಸೊನ್ನೆಗೆ ಎಷ್ಟು ತೂಕ ಕೊಟ್ಟರೂ ಸೊನ್ನೆಯೇ.

ಪ್ರಶ್ನೆ ಕೇಳದೆಯೇ, ಜನ ತಾವಾಗಿ ಬರೆದದ್ದನ್ನು ಓದಿ ಅಭಿಪ್ರಾಯ ತಿಳಿಯುವ ಇನ್ನೊಂದು ಮಾರ್ಗವಿದೆ. ಸ್ಕಾಟ್ ಬೇಕರ್, ನಿಕೋಲಸ್ ಬ್ಲೂಮ್ ಮತ್ತು ಸ್ಟೀವನ್ ಡೇವಿಸ್ ರೂಪಿಸಿದ ಆರ್ಥಿಕ ನೀತಿ ಅನಿಶ್ಚಿತತೆಯ ಸೂಚ್ಯಂಕವು ಪತ್ರಿಕೆಗಳಲ್ಲಿ ಆರ್ಥಿಕತೆ, ನೀತಿ ಮತ್ತು ಅನಿಶ್ಚಿತತೆಗೆ ಸಂಬಂಧಿಸಿದ ಪದಗಳು ಒಟ್ಟಿಗೆ ಬರುವ ಲೇಖನಗಳನ್ನು ಎಣಿಸುತ್ತದೆ. ಅದರ ಭಾರತದ ಆವೃತ್ತಿಗೆ ಆಧಾರವಾಗಿರುವ ಏಳೂ ಪತ್ರಿಕೆಗಳು ಇಂಗ್ಲಿಷಿನವು. ದೇಶದ ಅನಿಶ್ಚಿತತೆ ಎಂದು ಅಲ್ಲಿ ದಾಖಲಾಗುವುದು ಇಂಗ್ಲಿಷ್ ಓದುಗರ ಅನಿಶ್ಚಿತತೆ. ಅಡಿಕೆ ಬೆಲೆಯ ಬಗ್ಗೆ ಶಿರಸಿಯಲ್ಲಿ ಎದ್ದ ಆತಂಕ ಅಲ್ಲಿಗೆ ತಲುಪಬೇಕಾದರೆ ಮೊದಲು ಭಾಷಾಂತರವಾಗಬೇಕು.

ಕನ್ನಡವನ್ನೇ ಯಂತ್ರಕ್ಕೆ ಓದಿಸಿದರಾಯಿತಲ್ಲ ಎನ್ನಬಹುದು. ಅಲ್ಲಿ ತೊಡಕುಗಳು ಬೇರೆ. ಇಂಗ್ಲಿಷಿನಲ್ಲಿ ತೆರಿಗೆಯನ್ನು ಸೂಚಿಸುವ ಪದ ಹೆಚ್ಚು ರೂಪ ಬದಲಿಸುವುದಿಲ್ಲ. ನಮ್ಮಲ್ಲಿ ತೆರಿಗೆಯ, ತೆರಿಗೆಯನ್ನು, ತೆರಿಗೆಯಿಂದಲೂ, ತೆರಿಗೆಯಾದರೂ ಎಂದು ಒಂದೇ ಪದ ಹತ್ತಾರು ವೇಷ ತೊಡುತ್ತದೆ. ನೋಟು ರದ್ದತಿ, ನೋಟ್ ಬ್ಯಾನ್, ನೋಟ್ ಬಂದಿ, ಅಮಾನ್ಯೀಕರಣ ಎಲ್ಲವೂ ಒಂದೇ ಎಂದು ಯಂತ್ರಕ್ಕೆ ಹೇಳಿಕೊಡಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತಮಗೆ ತೋಚಿದಂತೆ ಬರೆಯುವವರು ಕಡಿಮೆಯಿಲ್ಲ. ಎಲ್ಲಕ್ಕಿಂತ ಕಷ್ಟದ್ದು ವ್ಯಂಗ್ಯ. ‘ಆಹಾ, ಉದ್ಧಾರ ಆದ್ವಿ ಬಿಡಿ’ ಎಂಬ ಮಾತಿನಲ್ಲಿರುವ ಪ್ರತಿ ಪದವೂ ಮಂಗಳಕರ. ಪದಗಳಿಗೆ ಅಂಕ ಕೊಟ್ಟು ಕೂಡಿಸುವ ಯಂತ್ರ ಅದನ್ನು ಹೊಗಳಿಕೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಹೊಸ ಭಾಷಾ ಮಾದರಿಗಳು ಈ ವಿಷಯದಲ್ಲಿ ಹಿಂದಿನವಕ್ಕಿಂತ ಜಾಣವಾಗಿವೆ, ಆದರೆ ಅವನ್ನು ತಿದ್ದಲು ಕನ್ನಡಿಗರೇ ಓದಿ ಗುರುತು ಹಾಕಿದ ಮಾತುಗಳ ಸಂಗ್ರಹ ಬೇಕು, ಇಂಗ್ಲಿಷಿಗೆ ಹೋಲಿಸಿದರೆ ಅಂಥದ್ದು ನಮ್ಮಲ್ಲಿ ತೀರ ಕಡಿಮೆ. ಇಷ್ಟೆಲ್ಲ ಸರಿಪಡಿಸಿದ ಮೇಲೂ ಬರೆದವರು ಯಾರೆಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ಟ್ವಿಟರ್ ಬಳಕೆದಾರರ ಬಗ್ಗೆ ಪ್ಯೂ ಎಂಬ ಸಂಶೋಧನಾ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇ 80ರಷ್ಟು ಟ್ವೀಟ್‌ಗಳನ್ನು ಬರೆದವರು ಶೇ 10ರಷ್ಟು ಬಳಕೆದಾರರು. ಸಂತೆಯಲ್ಲಿ ಗಟ್ಟಿಯಾಗಿ ಕೂಗುವವರನ್ನು ಎಣಿಸಿ ಸಂತೆಗೆ ಬಂದವರ ಲೆಕ್ಕ ಹೇಳಿದಂತಾಗುತ್ತದೆ.

ಕೊನೆಯದಾಗಿ, ತಮ್ಮನ್ನು ನೋಡುತ್ತಿದ್ದಾರೆಂದು ತಿಳಿದಾಗ ಜನ ಹೇಗೆ ಬದಲಾಗುತ್ತಾರೆ ಎಂಬ ವಿಷಯ. ಇದಕ್ಕೆ ಬೆಂಗಳೂರಿನಷ್ಟು ಹತ್ತಿರದ ಉದಾಹರಣೆ ಇನ್ನೊಂದಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು, 2021-22ರಿಂದ 2024-25ರವರೆಗಿನ ಯುಪಿಐ ಪಾವತಿಗಳ ದತ್ತಾಂಶವನ್ನು ಆಧರಿಸಿ, ಜಿಎಸ್‌ಟಿ ನೋಂದಣಿಯ ಮಿತಿಯನ್ನು ದಾಟಿದಂತೆ ಕಂಡ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಆ ಮಿತಿ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ. ದತ್ತಾಂಶದಲ್ಲಿ ಮೊತ್ತವಿತ್ತು, ಆ ಹಣ ಏತಕ್ಕೆ ಬಂದದ್ದು ಎಂಬುದಿರಲಿಲ್ಲ. ತೆರಿಗೆಯೇ ಇಲ್ಲದ ತರಕಾರಿ, ಹಾಲಿನ ಮಾರಾಟವೂ, ನೆಂಟರಿಂದ ಪಡೆದ ಕೈಸಾಲವೂ, ವ್ಯಾಪಾರದ ಹಣವೂ ಒಂದೇ ಕ್ಯೂಆರ್ ಕೋಡಿನೊಳಗೆ ಬಂದು ಬೀಳುತ್ತವೆ ಎಂದು ವ್ಯಾಪಾರಿಗಳು ವಾದಿಸಿದರು. ಅದೇ ತಿಂಗಳು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರೊಂದಿಗೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲವೆಂದು ತಿಳಿಸಿದರು. ಆದರೆ ಅಷ್ಟರಲ್ಲಿ ಎಷ್ಟೋ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿತ್ತು. ದೇಶದಾದ್ಯಂತ ಆ ತಿಂಗಳು ನಡೆದ ಯುಪಿಐ ವಹಿವಾಟುಗಳ ಸಂಖ್ಯೆ ಸುಮಾರು 1,947 ಕೋಟಿ, ಹಿಂದಿನ ತಿಂಗಳಿಗಿಂತ ಹೆಚ್ಚು. ಆ ಮೊತ್ತವನ್ನಷ್ಟೇ ನೋಡಿದ ಸಂಶೋಧಕನಿಗೆ ಬೆಂಗಳೂರಿನ ಬೇಕರಿಗಳಲ್ಲಿ ಏನೋ ನಡೆದಿದೆ ಎಂಬ ಅನುಮಾನವೂ ಬರುತ್ತಿರಲಿಲ್ಲ. ಕೈಯಲ್ಲಿ ಬರೆದು ಅಂಟಿಸಿದ ಆ ಚೀಟಿಗಳು ಯಾವ ಸರ್ವರಿನಲ್ಲೂ ದಾಖಲಾಗಲಿಲ್ಲ. ಬೀದಿಯಲ್ಲಿ ನಡೆದುಹೋದ ವರದಿಗಾರರ ಕ್ಯಾಮೆರಾದಲ್ಲಿ ದಾಖಲಾದವು.